ನಿಲ್ಲಿಸಿದ್ದ ಮಾರುತಿ 800ಗೆ ಬೇರೆಯವರ ಗಾಡಿ ಗುದ್ದಿದೆ, ನಮ್ಮ ಇನ್ಶೂರೆನ್ಸ್‌ನವರು ‘ಟೋಟಲ್ ಲಾಸ್’ ಅನ್ನುತ್ತಿದ್ದಾರೆ. ಏನು ಮಾಡಲಿ?

ಬೋಗಾದಿ_800

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು 2003ರ ಮಾರುತಿ 800. ಅಪ್ಪ ಕೊಂಡ ಒಂದೇ ಒಂದು ಕಾರು. 86 ಸಾವಿರ ಕಿಲೋಮೀಟರ್ ಓಡಿದೆ. 2023ರಲ್ಲಿ ಎರಡನೇ ಸಲ ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನುವ ಪ್ರಮಾಣಪತ್ರ) ಮಾಡಿಸಿದ್ದೇವೆ, 2028ರವರೆಗೆ ಚಿಂತೆ ಇಲ್ಲ. ಹೋದ ತಿಂಗಳು ಮೈಸೂರಿನ ಬೋಗಾದಿ ರಸ್ತೆಯಲ್ಲಿ ಔಷಧಿ ಅಂಗಡಿ ಮುಂದೆ ಗಾಡಿ ನಿಲ್ಲಿಸಿ ಅಪ್ಪ ಒಳಗೆ ಹೋಗಿದ್ದರು. ಒಂದು ದೊಡ್ಡ ಎಸ್‌ಯುವಿ ರಿವರ್ಸ್ ಬಂದು ಗುದ್ದಿದೆ. ಬಾನೆಟ್ ಮಡಚಿಕೊಂಡು ಮೇಲೆದ್ದಿದೆ, ಎಡಗಡೆ ಫೆಂಡರ್, ಹೆಡ್‌ಲೈಟ್, ಬಂಪರ್, ಗ್ರಿಲ್ ಎಲ್ಲ ಹೋಗಿದೆ. ರೇಡಿಯೇಟರ್ ಒಡೆದು ನೀರೆಲ್ಲ ರಸ್ತೆ ಪಾಲು. ಅಂಗಡಿಯ ಸಿಸಿಟಿವಿಯಲ್ಲಿ ಎಲ್ಲ ಇದೆ.

ಗುದ್ದಿದವರು ಅವತ್ತು ತುಂಬಾ ಮರ್ಯಾದೆಯಿಂದ ಮಾತಾಡಿದರು. ಔಷಧಿ ಬಿಲ್ಲಿನ ಹಿಂದೆ ‘ರಿಪೇರಿ ಖರ್ಚು ನನ್ನದು’ ಅಂತ ಬರೆದು ಸಹಿ ಹಾಕಿ ಕೊಟ್ಟರು. ನಾಲ್ಕನೇ ದಿನದಿಂದ ಫೋನ್ ಎತ್ತುತ್ತಿಲ್ಲ. ಠಾಣೆಗೆ ಹೋದರೆ ‘ಯಾರಿಗೂ ಪೆಟ್ಟಾಗಿಲ್ಲವಲ್ಲ, ರಾಜಿ ಮಾಡಿಕೊಳ್ಳಿ’ ಅಂದರು.

ಅದಕ್ಕೆ ನಮ್ಮದೇ ಪಾಲಿಸಿಯಲ್ಲಿ ಕ್ಲೇಮ್ ಹಾಕಿದೆ. ಫುಲ್ ಇನ್ಶೂರೆನ್ಸ್ ಇದೆ, ಐಡಿವಿ (ಪಾಲಿಸಿಯಲ್ಲಿ ಗಾಡಿಗೆ ಹಿಡಿದ ಬೆಲೆ) 45,000. ಗ್ಯಾರೇಜಿನ ಅಂದಾಜು 38,500. ಕಂಪನಿಯಿಂದ ಒಬ್ಬರು ಬಂದು ಐದು ನಿಮಿಷ ಫೋಟೋ ತೆಗೆದು ಹೋದರು. ಈಗ ಫೋನಿನಲ್ಲಿ ಹೇಳುತ್ತಾರೆ, ‘ಖರ್ಚು ಐಡಿವಿಯ ಶೇ. 75 ದಾಟಿದೆ, ಟೋಟಲ್ ಲಾಸ್, ಅಂದರೆ ರಿಪೇರಿ ಮಾಡಿಸಿ ಲಾಭವಿಲ್ಲ, ಪೂರ್ತಿ ನಷ್ಟ. ಆರ್‌ಸಿ ಕ್ಯಾನ್ಸಲ್ ಮಾಡಿಸಿ ಗಾಡಿ ಬಿಟ್ಟುಕೊಡಿ, 44,000 ಹಾಕುತ್ತೇವೆ. ಗಾಡಿ ನೀವೇ ಇಟ್ಟುಕೊಳ್ಳುವುದಾದರೆ ಗುಜರಿ ಬೆಲೆ 18,000 ಕಳೆದು 26,000.’ ಶುಕ್ರವಾರದೊಳಗೆ ಒಪ್ಪಿಗೆ ಪತ್ರ ಕೊಡಬೇಕಂತೆ.

ಅಪ್ಪನಿಗೆ 71. ಎದ್ದ ಬಾನೆಟ್ಟನ್ನು ತೆಂಗಿನ ಹಗ್ಗದಲ್ಲಿ ಕಟ್ಟಿ ಗಾಡಿಯನ್ನು ಮನೆ ಮುಂದೆ ನಿಲ್ಲಿಸಿದ್ದೇವೆ. ಈಗಲೂ ದಿನಾ ಬೆಳಿಗ್ಗೆ ಹಳೇ ಪಂಚೆ ತುಂಡಿನಲ್ಲಿ ಅದರ ಗಾಜು ಒರೆಸುತ್ತಾರೆ. ಈ ಗಾಡಿಯನ್ನು ಗುಜರಿಗೆ ಕೊಡಲು ನನಗೆ ಮನಸ್ಸಿಲ್ಲ. ದಾರಿ ಏನಾದರೂ ಇದೆಯಾ?

ಕುಂದಾಪ್ರದ_ಮಾಣಿ

ಸಹಿ ಹಾಕಬೇಡಿ. ಮೊದಲು ಅದೊಂದು.

ಲೆಕ್ಕದ_ಪುಸ್ತಕ

ಬೇಜಾರು ಮಾಡಿಕೊಳ್ಳಬೇಡಿ, ಆದರೆ ಇಪ್ಪತ್ತು ವರ್ಷ ದಾಟಿದ ಗಾಡಿಗೆ 44,000 ಒಳ್ಳೆಯ ದುಡ್ಡು. ಅದಕ್ಕೆ ಇನ್ನೊಂದಿಷ್ಟು ಸೇರಿಸಿದರೆ ಇದಕ್ಕಿಂತ ಹೊಸ ಗಾಡಿ ಸಿಗುತ್ತೆ. 2028ರಲ್ಲಿ ಮತ್ತೆ ನೋಂದಣಿ ನವೀಕರಿಸಬೇಕಲ್ಲ, ಇಪ್ಪತ್ತು ವರ್ಷ ದಾಟಿದ ಕಾರಿಗೆ ಈಗ ಅದರ ಶುಲ್ಕವೇ 10,000. ಹಸಿರು ತೆರಿಗೆ ಬೇರೆ. ಭಾವನೆ ಸರಿ, ಆದರೆ ಲೆಕ್ಕವನ್ನೂ ನೋಡಿ.

ತಿಪಟೂರು_ಟಿಂಕರ್

44,000ಕ್ಕೆ ಯಾವ ಗಾಡಿ ಬರುತ್ತೆ ಸ್ವಾಮಿ? ನಮ್ಮ ಗ್ಯಾರೇಜಿಗೆ ವಾರಕ್ಕೊಂದು ಬರುತ್ತೆ, ಹೊರಗಡೆ ಫಳಫಳ, ಕೆಳಗಡೆ ಫ್ಲೋರ್ ತುಕ್ಕು ಹಿಡಿದು ಕೈ ಒಳಗೆ ಹೋಗುತ್ತೆ. ಒಬ್ಬರೇ ಓಡಿಸಿದ 86 ಸಾವಿರದ 800 ಎಲ್ಲಿ ಸಿಗುತ್ತೆ ಹೇಳಿ. ಚಾಸಿಗೆ ಏಟು ಬಿದ್ದಿಲ್ಲ ಅಂದರೆ ಇದು ನಾಲ್ಕು ದಿನದ ಕೆಲಸ. ಬಾನೆಟ್ ಎತ್ತಿದಾಗ ಸ್ಟ್ರಟ್ ಟವರ್ (ಮುಂದಿನ ಚಕ್ರದ ಶಾಕ್ ಅಬ್ಸಾರ್ಬರ್‌ನ ಮೇಲ್ತುದಿ ಕೂರುವ ಜಾಗ) ಹತ್ತಿರ ಪೇಂಟ್ ಬಿರುಕು ಬಿಟ್ಟಿದೆಯಾ ನೋಡಿ. ಬಿಟ್ಟಿಲ್ಲ ಅಂದರೆ ಗಾಡಿ ಗಟ್ಟಿ ಇದೆ.

ಬೋಗಾದಿ_800

ಈಗಷ್ಟೇ ಟಾರ್ಚ್ ಹಾಕಿ ನೋಡಿ ಬಂದೆ. ಬಿರುಕಿಲ್ಲ. ಎರಡೂ ಕಡೆ ಒಂದೇ ಥರ ಇದೆ.

ಹಳೇ_ಸರ್ವೇ_ಬ್ಯಾಗ್

ನಾನು ಬಹಳ ವರ್ಷ ಸರ್ವೇಯರ್ (ಇನ್ಶೂರೆನ್ಸ್ ಕ್ಲೇಮ್‌ನ ನಷ್ಟ ಅಂದಾಜು ಮಾಡುವವರು) ಕಚೇರಿಯಲ್ಲಿ ಕೆಲಸ ಮಾಡಿದವನು. ಇಲ್ಲಿ ಒಂದು ದೊಡ್ಡ ತಪ್ಪಾಗಿದೆ. ನಿಧಾನವಾಗಿ ಓದಿ.

ಶೇ. 75ರ ನಿಯಮ ನಿಜ. ಆದರೆ ಪಾಲಿಸಿ ಪುಸ್ತಕದಲ್ಲಿ ಅದು ಹೇಗಿದೆ ನೋಡಿ. ರಿಪೇರಿ ಖರ್ಚು ‘ಪಾಲಿಸಿಯ ಷರತ್ತುಗಳಿಗೆ ಒಳಪಟ್ಟು’ ಐಡಿವಿಯ ಶೇ. 75 ದಾಟಿದರೆ ಮಾತ್ರ ಟೋಟಲ್ ಲಾಸ್. ಆ ನಡುವಿನ ಮಾತೇ ಮುಖ್ಯ. ಅಂದರೆ ಗ್ಯಾರೇಜಿನವರು ಬರೆದ ಮೊತ್ತವನ್ನಲ್ಲ, ಸವಕಳಿ (ಭಾಗ ಹಳತಾಗಿದೆ ಅಂತ ಕಳೆಯುವ ಮೊತ್ತ) ಎಲ್ಲ ಕಳೆದ ಮೇಲೆ ಕಂಪನಿ ಕೊಡಬೇಕಾಗುವ ಮೊತ್ತವನ್ನು ನೋಡಬೇಕು. ನಿಮ್ಮ ಕರೆಗೆ ಉತ್ತರಿಸಿದವರು 38,500ನ್ನು ನೇರವಾಗಿ 45,000ಕ್ಕೆ ಹೋಲಿಸಿದ್ದಾರೆ. ಹಾಗೆ ಮಾಡಿದರೆ ಹಳೇ ಗಾಡಿ ಎಲ್ಲವೂ ಗುಜರಿಗೇ ಹೋಗಬೇಕು.

ಅಂದಾಜಿನಲ್ಲಿ ಲೋಹದ ಭಾಗ ಎಷ್ಟು, ಪ್ಲಾಸ್ಟಿಕ್ ಎಷ್ಟು, ಕೂಲಿ ಎಷ್ಟು, ಪೇಂಟ್ ಎಷ್ಟು ಅಂತ ಬಿಡಿಸಿ ಹಾಕಿ. ಲೆಕ್ಕ ಮಾಡಿ ತೋರಿಸುತ್ತೇನೆ.

ಬೋಗಾದಿ_800

ಲೋಹ (ಬಾನೆಟ್, ಫೆಂಡರ್, ಮುಂದಿನ ಪ್ಯಾನೆಲ್, ರೇಡಿಯೇಟರ್) 18,000. ಪ್ಲಾಸ್ಟಿಕ್ (ಬಂಪರ್, ಗ್ರಿಲ್, ಹೆಡ್‌ಲೈಟ್) 4,000. ಕೂಲಿ 9,500. ಪೇಂಟ್ 7,000.

ಹಳೇ_ಸರ್ವೇ_ಬ್ಯಾಗ್

ಸರಿ. ಹತ್ತು ವರ್ಷ ದಾಟಿದ ಗಾಡಿಯ ಲೋಹದ ಭಾಗಕ್ಕೆ ಶೇ. 50 ಸವಕಳಿ. 18,000ದಲ್ಲಿ 9,000 ಸಿಗುತ್ತೆ. ಪ್ಲಾಸ್ಟಿಕ್, ರಬ್ಬರ್‌ಗೆ ಗಾಡಿ ಹೊಸದಿರಲಿ ಹಳೆಯದಿರಲಿ ಶೇ. 50. ಅಲ್ಲಿ 2,000. ಕೂಲಿಗೆ ಸವಕಳಿ ಇಲ್ಲ, 9,500 ಪೂರ್ತಿ. ಪೇಂಟ್ ಬಿಲ್ಲಿನಲ್ಲಿ ಕಾಲು ಭಾಗವನ್ನು ಸಾಮಾನಿನ ಬೆಲೆ ಅಂತ ಹಿಡಿದು, ಅದರಲ್ಲಿ ಅರ್ಧ ಕಳೆಯುತ್ತಾರೆ. 7,000ದ ಕಾಲು 1,750, ಅದರರ್ಧ 875. ಉಳಿದದ್ದು 6,125.

ಒಟ್ಟು 26,625. ನಿಮ್ಮ ಐಡಿವಿಯ ಶೇ. 75 ಅಂದರೆ 33,750. ಎಲ್ಲಿ ದಾಟಿದೆ? ದಾಟಿಲ್ಲ. ಇದು ಟೋಟಲ್ ಲಾಸ್ ಅಲ್ಲ, ಸಾಮಾನ್ಯ ರಿಪೇರಿ ಕ್ಲೇಮ್. 1500 ಸಿಸಿವರೆಗಿನ ಕಾರಿಗೆ ಕಡ್ಡಾಯ ಕಡಿತ 1,000. ಕೈಗೆ ಬರಬೇಕಾದದ್ದು 25,625.

ಕುಂದಾಪ್ರದ_ಮಾಣಿ

ಅಬ್ಬಾ! ಇದನ್ನು ನಾನು ಪ್ರಿಂಟ್ ತೆಗೆದು ಇಟ್ಟುಕೊಳ್ಳುತ್ತೇನೆ.

ಲೆಕ್ಕದ_ಪುಸ್ತಕ

ಲೆಕ್ಕ ಒಪ್ಪಿದೆ, ಶೇ. 75ರ ವಿಷಯ ನನಗೆ ಗೊತ್ತಿರಲಿಲ್ಲ. ಆದರೆ ರಿಪೇರಿ ದಾರಿಯಲ್ಲಿ 25,625, ಗಾಡಿ ಇಟ್ಟುಕೊಂಡರೆ 26,000. ಎರಡೂ ಹೆಚ್ಚುಕಡಿಮೆ ಒಂದೇ ಅಲ್ವಾ? ಹಾಗಿದ್ದರೆ ಸುಮ್ನೆ ಜಗಳ ಯಾಕೆ? 26,000 ತಗೊಂಡು ಗುಜರಿಯಲ್ಲಿ ಬಾನೆಟ್ ಹುಡುಕಿ ಹಾಕಿಸಿಕೊಂಡರೆ ದುಡ್ಡೂ ಉಳಿಯುತ್ತೆ.

ಹಳೇ_ಸರ್ವೇ_ಬ್ಯಾಗ್

ಒಂದೇ ಅಲ್ಲ. ಟೋಟಲ್ ಲಾಸ್ ಅಂತ ದುಡ್ಡು ತಗೊಂಡರೆ ಆ ಪಾಲಿಸಿ ಅಲ್ಲಿಗೆ ಮುಗಿಯಿತು. ಮಾರನೇ ದಿನ ಗಾಡಿ ರಸ್ತೆಗೆ ಇಳಿಸಬೇಕಾದರೆ ಹೊಸ ಪಾಲಿಸಿ ಬೇಕು. ಹಳೇ ಗಾಡಿ, ಟೋಟಲ್ ಲಾಸ್ ದಾಖಲೆ ಬೇರೆ, ಥರ್ಡ್ ಪಾರ್ಟಿ (ಬೇರೆಯವರಿಗೆ ಆದ ಹಾನಿಗೆ ಮಾತ್ರ ಇರುವ ಪಾಲಿಸಿ) ಬಿಟ್ಟು ಬೇರೆ ಏನೂ ಕೊಡಲು ಹಿಂದೇಟು ಹಾಕುತ್ತಾರೆ. ಇನ್ನೊಂದು, ಕೆಲವರು ಗಾಡಿ ನಿಮ್ಮ ಹತ್ತಿರವೇ ಬಿಟ್ಟರೂ ಆರ್‌ಸಿ ರದ್ದು ಮಾಡಿಸಿದ ಕಾಗದ ಕೇಳುತ್ತಾರೆ. ಆರ್‌ಸಿ ಇಲ್ಲದ ಗಾಡಿ ಮನೆ ಮುಂದೆ ನಿಲ್ಲಿಸಿ ನೋಡಬಹುದು ಅಷ್ಟೇ.

ಕೋರ್ಟ್_ಹಾಲ್_ನಂ_4

ವಕೀಲಿ ವೃತ್ತಿಯಲ್ಲಿದ್ದೇನೆ, ಮೋಟಾರು ಅಪಘಾತ ಪ್ರಕರಣಗಳನ್ನೇ ಜಾಸ್ತಿ ನೋಡುವುದು. ಎಲ್ಲರೂ ನಿಮ್ಮ ಕಂಪನಿಯ ಬಗ್ಗೆ ಮಾತಾಡುತ್ತಿದ್ದಾರೆ. ಗುದ್ದಿದವರನ್ನು ಯಾಕೆ ಬಿಟ್ಟಿರಿ? ತಪ್ಪು ಅವರದು. ನಿಮ್ಮ ನಷ್ಟ ಅವರ ಥರ್ಡ್ ಪಾರ್ಟಿ ಇನ್ಶೂರೆನ್ಸ್‌ನಿಂದ ಬರಬೇಕು. ಕಾರಿನ ಪಾಲಿಸಿಯಲ್ಲಿ ಬೇರೆಯವರ ಆಸ್ತಿಗೆ ಆದ ಹಾನಿಗೆ ಸಾಮಾನ್ಯವಾಗಿ ಏಳೂವರೆ ಲಕ್ಷದವರೆಗೆ ರಕ್ಷಣೆ ಇರುತ್ತೆ. ಪ್ರೀಮಿಯಂ ಸ್ವಲ್ಪ ಉಳಿಸಲು ಕೆಲವರು ಅದನ್ನು 6,000ಕ್ಕೆ ಇಳಿಸಿಕೊಂಡಿರುತ್ತಾರೆ. ಪಾಲಿಸಿಯಲ್ಲಿ ‘ಐಎಂಟಿ 20’ ಅಂತಿದ್ದರೆ ಅದೇ.

ಆದರೆ ಆ ಕಂಪನಿಯ ಕೌಂಟರಿಗೆ ಹೋಗಿ ಬಿಲ್ ಕೊಟ್ಟರೆ ದುಡ್ಡು ಕೊಡುವುದಿಲ್ಲ. ಮೋಟಾರು ವಾಹನ ಕಾಯ್ದೆ 1988ರ 166ನೇ ಕಲಮಿನಡಿ ಕ್ಲೇಮ್ಸ್ ಟ್ರಿಬ್ಯೂನಲ್‌ಗೆ ಅರ್ಜಿ ಹಾಕಬೇಕು. ಪೆಟ್ಟಾದವರು ಮಾತ್ರ ಹಾಕಬಹುದು ಅನ್ನುವುದು ತಪ್ಪು ತಿಳಿವಳಿಕೆ, ಹಾನಿಯಾದ ಗಾಡಿಯ ಮಾಲೀಕರೂ ಹಾಕಬಹುದು. ನೀವು ವಾಸ ಇರುವ ಊರಿನಲ್ಲೇ ಹಾಕಬಹುದು. ಅಪಘಾತವಾದ ಆರು ತಿಂಗಳೊಳಗೆ ಹಾಕಿಬಿಡಿ.

ಅದಕ್ಕೆ ಎಫ್‌ಐಆರ್ ಇದ್ದರೆ ಒಳ್ಳೆಯದು. ಪೆಟ್ಟಾಗಿಲ್ಲ ಅನ್ನುವುದು ಎಫ್‌ಐಆರ್ ಹಾಕದಿರಲು ಕಾರಣವಲ್ಲ. ಅಂಗಡಿಯೊಳಗೆ ಜನ ಇದ್ದರು, ರಸ್ತೆಯಲ್ಲಿ ಜನ ಓಡಾಡುತ್ತಿದ್ದರು, ಜೀವಕ್ಕೆ ಅಪಾಯವಾಗುವ ಹಾಗೆ ಗಾಡಿ ಓಡಿಸಿದ್ದೇ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮಿಗೆ ಬರುತ್ತೆ. ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ತಗೊಳ್ಳಲಿಲ್ಲ ಅಂದರೆ ಮೇಲಧಿಕಾರಿಗೆ ಅಂಚೆಯಲ್ಲಿ ಕಳಿಸಿ. ಸಿಸಿಟಿವಿ ದೃಶ್ಯವನ್ನು ಇವತ್ತೇ ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ, ಅಂಗಡಿಗಳಲ್ಲಿ ಕೆಲವೇ ವಾರ ಉಳಿಯುತ್ತೆ.

ತಿಪಟೂರು_ಟಿಂಕರ್

ಕೋರ್ಟು, ಮಹಜರು, ಆರ್‌ಟಿಒ ಇನ್ಸ್‌ಪೆಕ್ಟರ್ ಬರುವವರೆಗೆ ಗಾಡಿ ಮುಟ್ಟುವ ಹಾಗಿಲ್ಲ ಅಲ್ವಾ? 71 ವರ್ಷದವರು ಅಷ್ಟು ದಿನ ಆಟೋದಲ್ಲಿ ಓಡಾಡಬೇಕಾ? 38 ಸಾವಿರಕ್ಕೆ ಎರಡು ವರ್ಷ ಕೋರ್ಟು ಅಲೆಯಲು ಹೇಳುವುದು ಸುಲಭ.

ಕೋರ್ಟ್_ಹಾಲ್_ನಂ_4

ಎರಡು ವರ್ಷ ಅಲೆಯಿರಿ ಅಂತ ನಾನು ಹೇಳಲಿಲ್ಲ. ಹಕ್ಕು ಇದೆ ಅಂದೆ. ಹಕ್ಕು ಇರುವುದೇ ಗೊತ್ತಿಲ್ಲದೆ ಜನ ಬಿಟ್ಟುಕೊಡುತ್ತಾರೆ, ನನ್ನ ಬೇಸರ ಅದು.

ಇವರ ವಿಷಯದಲ್ಲಿ ನನ್ನ ಸಲಹೆ ಬೇರೆ. ಸ್ವಂತ ಪಾಲಿಸಿಯಲ್ಲಿ 25,625 ತಗೊಂಡು ಗಾಡಿ ರಿಪೇರಿ ಮಾಡಿಸಿ. ಉಳಿದದ್ದು 12,875. ಒಂದೇ ಹಾನಿಗೆ ಎರಡು ಕಡೆ ದುಡ್ಡು ಕೇಳುವಂತಿಲ್ಲ, ಆದರೆ ನಿಮ್ಮ ಜೇಬಿನಿಂದ ಹೋದದ್ದನ್ನು ಗುದ್ದಿದವರಿಂದ ಕೇಳಬಹುದು. ಸಹಿ ಮಾಡಿದ ಚೀಟಿ ಇದೆ, ವಿಡಿಯೋ ಇದೆ. ಒಂದು ನೋಟಿಸ್ ಕಳಿಸಿ. ಆಗಲಿಲ್ಲ ಅಂದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಕೇಸು ಹಾಕುವ ಮೊದಲೇ ಲೋಕ್ ಅದಾಲತ್‌ಗೆ ಅರ್ಜಿ ಕೊಡಬಹುದು. ಅಲ್ಲಿ ಎದುರು ಕೂತಾಗ ಚೀಟಿಯಲ್ಲಿರುವ ಸಹಿ ನನ್ನದಲ್ಲ ಅನ್ನುವವರು ಕಡಿಮೆ.

ಕುಂದಾಪ್ರದ_ಮಾಣಿ

ಅವರು ಫೋನ್ ಎತ್ತದಿರಲು ಕಾರಣ ಇರಬಹುದು. ತುಂಬಾ ಜನಕ್ಕೆ ಒಂದು ಭಯ, ಬೇರೆಯವರಿಗೆ ಆದ ಹಾನಿಯನ್ನು ತಮ್ಮ ಕಂಪನಿಗೆ ಹೇಳಿದರೆ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಹೋಗುತ್ತೆ ಅಂತ. ಬೋನಸ್ ಇರುವುದು ಸ್ವಂತ ಗಾಡಿಯ ಹಾನಿಯ ಭಾಗಕ್ಕೆ ಮಾತ್ರ, ಥರ್ಡ್ ಪಾರ್ಟಿ ಕ್ಲೇಮ್‌ನಿಂದ ಅದು ಹೋಗಲ್ಲ. ಮೆಸೇಜಿನಲ್ಲಿ ಇದನ್ನೊಂದು ಬರೆದು ನೋಡಿ. ನನ್ನ ಸ್ಕೂಟರ್‌ಗೆ ಗುದ್ದಿದವರು ಇದು ಗೊತ್ತಾದ ಮೇಲೇ ಮಾತಾಡಲು ಬಂದದ್ದು.

ಬೋಗಾದಿ_800

ಬೋನಸ್ ಅಂದಾಗ ನೆನಪಾಯಿತು. ನಮಗೆ ಈಗ ಶೇ. 50 ಇದೆ. ಹತ್ತು ವರ್ಷದಿಂದ ಒಂದು ಕ್ಲೇಮೂ ಇಲ್ಲ. ನಮ್ಮದಲ್ಲದ ತಪ್ಪಿಗೆ ನಮ್ಮ ಬೋನಸ್ ಹೋಗಬೇಕಾ? ಅಪ್ಪನಿಗೆ ದುಡ್ಡಿಗಿಂತ ಇದೇ ಜಾಸ್ತಿ ನೋವು.

ಹಳೇ_ಸರ್ವೇ_ಬ್ಯಾಗ್

ಹೋಗುತ್ತೆ. ತಪ್ಪು ಯಾರದು ಅಂತ ನೋಡುವುದಿಲ್ಲ, ಸ್ವಂತ ಪಾಲಿಸಿಯಲ್ಲಿ ಕ್ಲೇಮ್ ಆಯಿತಾ ಇಲ್ಲವಾ ಅಷ್ಟೇ. ಕಂಪನಿಗಳ ನಡುವೆ ‘ನಾಕ್ ಫಾರ್ ನಾಕ್’ ಅನ್ನುವ ಒಪ್ಪಂದ ಇದೆ. ನಿನ್ನ ಗಿರಾಕಿಯ ಗಾಡಿ ನೀನು ಮಾಡಿಸು, ನನ್ನ ಗಿರಾಕಿಯದು ನಾನು, ಒಬ್ಬರನ್ನೊಬ್ಬರು ಕೇಳುವುದು ಬೇಡ ಅಂತ. ಅವರಿಗೆ ಕೆಲಸ ಸುಲಭ. ತಪ್ಪೇ ಮಾಡದವರ ಬೋನಸ್ ಹೋಗುತ್ತೆ. ಇದು ಅನ್ಯಾಯ ಅಂತ ಕೆಲಸದಲ್ಲಿದ್ದಾಗಲೂ ಹೇಳುತ್ತಿದ್ದೆ.

ಆದರೆ ಹಳೇ ಗಾಡಿಗೆ ಆ ನಷ್ಟ ಸಣ್ಣದು. ನಿಮ್ಮ ಪಾಲಿಸಿಯಲ್ಲಿ ‘ಓನ್ ಡ್ಯಾಮೇಜ್’ ಪ್ರೀಮಿಯಂ ಎಷ್ಟು?

ಬೋಗಾದಿ_800

ಬೋನಸ್ ಕಳೆಯುವ ಮೊದಲು 1,510. ಕಳೆದ ಮೇಲೆ 755.

ಹಳೇ_ಸರ್ವೇ_ಬ್ಯಾಗ್

ನೋಡಿ, ಮುಂದಿನ ವರ್ಷ 755 ಜಾಸ್ತಿ ಕಟ್ಟುತ್ತೀರಿ. ಆಮೇಲೆ ಬೋನಸ್ 20, 25, 35, 45, 50 ಅಂತ ಏರುತ್ತಾ ಹೋಗುತ್ತೆ. ಐದು ವರ್ಷದಲ್ಲಿ ಒಟ್ಟು ಹೋಗುವುದು ಸುಮಾರು 1,900. ಅದಕ್ಕೆ ಹೆದರಿ 25,000 ಬಿಡಬೇಡಿ.

ಲೆಸ್ಟರ್_ಕನ್ನಡಿಗ

ಇಂಗ್ಲೆಂಡಿನಲ್ಲೂ ಹಳೇ ಗಾಡಿಯವರ ಪಾಡು ಇದೇ. ನನ್ನ 2006ರ ಕಾರಿಗೆ ಹಿಂದಿನಿಂದ ಗುದ್ದಿದರು. ಡಿಕ್ಕಿ ಬಾಗಿಲು, ಬಂಪರ್ ಅಷ್ಟೇ. ಅವರ ಕಂಪನಿ ಅದನ್ನು ‘ಕ್ಯಾಟಗರಿ ಎನ್’ ಅಂತ ಬರೆದು ಗಾಡಿ ಒಯ್ಯಲು ಹೊರಟಿತ್ತು. ಚಾಸಿಗೆ ಏಟಾಗಿಲ್ಲ, ಆದರೆ ರಿಪೇರಿ ಲಾಭವಿಲ್ಲ ಅಂತ ಅದರ ಅರ್ಥ. ಗುಜರಿ ಬೆಲೆ ಕಳೆದು ದುಡ್ಡು ತಗೊಂಡು ಗಾಡಿ ಉಳಿಸಿಕೊಂಡೆ, ಇವತ್ತಿಗೂ ಓಡಿಸುತ್ತಿದ್ದೇನೆ. ಒಂದು ವ್ಯತ್ಯಾಸ ಇದೆ. ಇಲ್ಲಿ ಗುದ್ದಿದವರ ಕಂಪನಿಗೆ ನಾವೇ ನೇರವಾಗಿ ಕ್ಲೇಮ್ ಕೊಡಬಹುದು. ಆದರೆ ಅವರ ಮೇಲೆ ಓಂಬುಡ್ಸ್‌ಮನ್‌ಗೆ (ಗಿರಾಕಿಗಳ ದೂರು ಕೇಳಿ ತೀರ್ಮಾನಿಸುವವರು) ದೂರು ಕೊಡಲು ಆಗಲಿಲ್ಲ, ನೀವು ಅವರ ಗಿರಾಕಿ ಅಲ್ಲ ಅಂದರು.

ಕೋರ್ಟ್_ಹಾಲ್_ನಂ_4

ಇಲ್ಲೂ ಹಾಗೇ. ಎದುರಿನವರ ಕಂಪನಿ ಮೇಲೆ ವಿಮಾ ಓಂಬುಡ್ಸ್‌ಮನ್ ಹತ್ತಿರ ಹೋಗಲು ಆಗಲ್ಲ. ಆದರೆ ಸ್ವಂತ ಕಂಪನಿ ಮೇಲೆ ಖಂಡಿತ ಆಗುತ್ತೆ. ಮೊದಲು ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಬರೆಯಬೇಕು. ಮೂವತ್ತು ದಿನದಲ್ಲಿ ಉತ್ತರ ಬರಲಿಲ್ಲ, ಅಥವಾ ಬಂದದ್ದು ಸರಿ ಇಲ್ಲ ಅಂದರೆ ಓಂಬುಡ್ಸ್‌ಮನ್. ಕರ್ನಾಟಕದ ಕಚೇರಿ ಬೆಂಗಳೂರು ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಶುಲ್ಕ ಇಲ್ಲ, ವಕೀಲರೂ ಬೇಡ. ನಾನೇ ವಕೀಲನಾಗಿ ಹೇಳುತ್ತಿದ್ದೇನೆ, ನಂಬಿ.

ಗುಜರಿ_ಗಿರಾಕಿ

ವಿಷಯ ಬಿಟ್ಟು ಹೋಗುತ್ತಿದ್ದೇನೆ, ಕ್ಷಮಿಸಿ. 800ರ ಉತ್ಪಾದನೆ 2014ರಲ್ಲೇ ನಿಂತಿತು, ಬಾನೆಟ್ ಎಲ್ಲಿ ಸಿಗುತ್ತೆ ಅಂತ ಚಿಂತೆ ಬೇಡ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸದು ಇನ್ನೂ ಸಿಗುತ್ತೆ. ಶಿವಾಜಿನಗರದ ಗುಜರಿಯಲ್ಲಿ ಹಳೆಯದು, ಬಣ್ಣವೂ ಹೊಂದಿದರೆ ಪೇಂಟ್ ಖರ್ಚೇ ಇಲ್ಲ. ನಾನು ಎಡಗಡೆ ಬಾಗಿಲು ಹಾಗೇ ತಂದದ್ದು.

ತಿಪಟೂರು_ಟಿಂಕರ್

ಕ್ಲೇಮ್ ಇದ್ದಾಗ ಗುಜರಿ ಬೇಡ. ಬಿಲ್ ಇಲ್ಲದ ಸಾಮಾನಿಗೆ ಕಂಪನಿ ಒಂದು ರೂಪಾಯಿ ಕೊಡಲ್ಲ. ಜಿಎಸ್‌ಟಿ ಬಿಲ್ ಕೇಳುತ್ತಾರೆ. ಹಳೇ ಬಾನೆಟ್ ತಂದರೆ ಕೆಳಗಿನ ಅಂಚನ್ನು ಬೆರಳಿಂದ ಸವರಿ ನೋಡಿ, ಉಬ್ಬಿದ್ದರೆ ಒಳಗೆ ಪುಟ್ಟಿ ಹಾಕಿ ಮುಚ್ಚಿದ್ದಾರೆ ಅಂತ ಅರ್ಥ. ಒಂದು ಮಳೆಗಾಲದಲ್ಲಿ ಎದ್ದು ಬರುತ್ತೆ.

ಗುಜರಿ_ಗಿರಾಕಿ

ನನ್ನ ಬಾಗಿಲು ಆರು ವರ್ಷದಿಂದ ಚೆನ್ನಾಗೇ ಇದೆ!

ತಿಪಟೂರು_ಟಿಂಕರ್

ಬಾಗಿಲು ಬೇರೆ, ಬಾನೆಟ್ ಬೇರೆ. ಬಾನೆಟ್‌ಗೆ ಇಂಜಿನ್ ಬಿಸಿ ತಾಗುತ್ತೆ.

ಹಳೇ_ಸರ್ವೇ_ಬ್ಯಾಗ್

ಬೋಗಾದಿಯವರೇ, ಇವತ್ತೇ ಮೇಲ್ ಕಳಿಸಿ. ಫೋನ್ ಬೇಡ, ಎಲ್ಲ ಬರವಣಿಗೆಯಲ್ಲಿರಲಿ. ಮೂರು ವಿಷಯ ಕೇಳಿ. ನಷ್ಟದ ಅಂದಾಜಿನ ಹಾಳೆ ಕೊಡಿ. ಸವಕಳಿ ಕಳೆದ ಮೇಲೆ ನಿಮ್ಮ ಹೊಣೆ ಎಷ್ಟು ಬಂತು, ಅದು ಐಡಿವಿಯ ಶೇಕಡಾ ಎಷ್ಟು, ಬರೆದು ತಿಳಿಸಿ. ಟೋಟಲ್ ಲಾಸ್‌ಗೆ ನನ್ನ ಒಪ್ಪಿಗೆ ಇಲ್ಲ, ರಿಪೇರಿ ಆಧಾರದಲ್ಲೇ ಇತ್ಯರ್ಥ ಮಾಡಿ. ಇಷ್ಟೇ. ಸಿಟ್ಟಿನ ಮಾತು ಒಂದೂ ಬೇಡ. ಇನ್ನೊಂದು ಮಾತು, ಕ್ಲೇಮ್ 50,000ಕ್ಕಿಂತ ಕಡಿಮೆ ಇದ್ದಾಗ ಪರವಾನಗಿ ಇರುವ ಸರ್ವೇಯರೇ ಬರಬೇಕೆಂದಿಲ್ಲ, ಕಂಪನಿ ಸಿಬ್ಬಂದಿಯೂ ನೋಡಬಹುದು. ಬಂದವರು ಯಾರು ಅಂತ ಕೇಳಿ ಇಟ್ಟುಕೊಳ್ಳಿ.

ಬೋಗಾದಿ_800

ಕಳಿಸಿದೆ. ಪಾಲಿಸಿಯ ಆ ಸಾಲನ್ನೂ ಫೋಟೋ ತೆಗೆದು ಜೊತೆಗೆ ಹಾಕಿದೆ. ಶುಕ್ರವಾರದ ಒಪ್ಪಿಗೆ ಪತ್ರ ಕೊಡಲಿಲ್ಲ.

ಬೋಗಾದಿ_800 (ಮೂರು ವಾರದ ನಂತರ)

ಎಲ್ಲರಿಗೂ ತಿಳಿಸಬೇಕು ಅನ್ನಿಸಿತು. ಮೊದಲ ಮೇಲ್‌ಗೆ ‘ನಿಮ್ಮ ಮನವಿ ಪರಿಶೀಲನೆಯಲ್ಲಿದೆ’ ಅನ್ನುವ ಸಿದ್ಧ ಉತ್ತರ ಬಂತು. ಐದು ದಿನ ಬಿಟ್ಟು ಅದನ್ನೇ ಕುಂದುಕೊರತೆ ವಿಭಾಗಕ್ಕೆ ಕಳಿಸಿದೆ. ಅದಾದ ಮೂರನೇ ದಿನ ಬೇರೆಯವರು ಫೋನ್ ಮಾಡಿದರು. ‘ಸರ್, ರಿಪೇರಿ ಆಧಾರದಲ್ಲೇ ಮಾಡೋಣ’ ಅಂದರು. ಟೋಟಲ್ ಲಾಸ್ ಅಂತ ಯಾಕೆ ಹೇಳಿದಿರಿ ಅಂದರೆ ಅದಕ್ಕೆ ಉತ್ತರ ಇಲ್ಲ. ಕೂಲೆಂಟ್, ಕ್ಲಿಪ್ಪುಗಳ 650 ಕೊಡಲ್ಲ ಅಂದರು. 24,975 ಮಂಜೂರಾಗಿದೆ.

ಗಾಡಿ ನಿನ್ನೆ ಮನೆಗೆ ಬಂತು. ಹೊಸ ಬಾನೆಟ್‌ನ ಬಿಳಿ ಸ್ವಲ್ಪ ಜಾಸ್ತಿ ಬೆಳ್ಳಗಿದೆ, ಪಕ್ಕದ ಬಲ ಫೆಂಡರ್ ಹಾಲಿನ ಕೆನೆ ಥರ ಹಳದಿಗೆ ತಿರುಗಿದೆ. ಬಿಸಿಲಲ್ಲಿ ನಿಲ್ಲಿಸಿದರೆ ಗೊತ್ತಾಗುತ್ತೆ. ಅಪ್ಪ ಸುತ್ತ ಒಂದು ಸಲ ನಡೆದು ನೋಡಿದರು, ಬಾನೆಟ್ ಎತ್ತಿ ಎರಡು ಸಲ ಇಳಿಸಿದರು. ಆಮೇಲೆ ‘ಟಪ್ ಅನ್ನೋ ಸದ್ದು ಮೊದಲಿನ ಹಾಗೇ ಇದೆ’ ಅಂದರು.

ಗುದ್ದಿದವರಿಗೆ ನೋಟಿಸ್ ಹೋಗಿದೆ. ಬೋನಸ್ ಹೋಗಲ್ಲ ಅನ್ನುವ ಮೆಸೇಜಿಗೆ ನೀಲಿ ಟಿಕ್ ಬಿದ್ದಿದೆ, ಉತ್ತರ ಇಲ್ಲ. ಬರುವ ಲೋಕ್ ಅದಾಲತ್‌ಗೆ ಅರ್ಜಿ ಕೊಡುತ್ತಿದ್ದೇನೆ, 13,525ಕ್ಕೆ. ಬಿಡಲ್ಲ.

ಲೆಕ್ಕದ_ಪುಸ್ತಕ

ಖುಷಿಯಾಯಿತು. ನನ್ನ ಮೊದಲ ಸಲಹೆ ವಾಪಸ್ ತಗೊಂಡೆ. ನನ್ನ ಹತ್ತಿರ 2009ರ ಗಾಡಿ ಇದೆ, ಅದರ ಪಾಲಿಸಿಯ ಆ ಸಾಲನ್ನು ಇವತ್ತೇ ತೆಗೆದು ಓದಿದೆ. ಅದರಲ್ಲೂ ಹಾಗೇ ಇದೆ.

ಕೋರ್ಟ್_ಹಾಲ್_ನಂ_4

ಚೀಟಿಯ ಅಸಲಿ ಯಾರಿಗೂ ಕೊಡಬೇಡಿ. ಜೆರಾಕ್ಸ್ ಮಾತ್ರ ಕೊಡಿ. ಔಷಧಿ ಬಿಲ್ಲಿನ ಮಸಿ ಬೇಗ ಮಾಸುತ್ತೆ, ಇವತ್ತೇ ಒಂದು ಫೋಟೋ ತೆಗೆದಿಡಿ. ಆ ಬಿಲ್ಲಿನಲ್ಲಿ ತಾರೀಖು, ಸಮಯ ಎರಡೂ ಇರುತ್ತೆ, ಅದೇ ನಿಮಗೆ ದೊಡ್ಡ ಸಾಕ್ಷಿ.

ಗುಜರಿ_ಗಿರಾಕಿ

ಹೊಸ ಬಾನೆಟ್ ಯಾವ ಕಡೆಯಿಂದ ತರಿಸಿದರು, ಗ್ಯಾರೇಜಿನವರನ್ನು ಕೇಳಿ ಹೇಳುತ್ತೀರಾ? ನನ್ನದು ಮುಂದಿನ ಅಂಚಿನಲ್ಲಿ ಉಬ್ಬುತ್ತಿದೆ.